ಸಾಹೇಬರ ನಿಲುವು, ಗಂಗವ್ವನ ಮೊಣಕಾಲು

ನೇರವಾಗಿ ಒಂದು ವಾಕ್ಯ ಬರೆಯುವುದು ನನ್ನಿಂದಾಗದ ಕೆಲಸ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಬೆತ್ತ ಹಿಡಿದು ‘ಸ್ಪಷ್ಟ ಬರೀರಿ’ ಎಂದು ಹುಡುಗರಿಗೆ ಹೇಳಿದವನು ನಾನೇ. ನಿವೃತ್ತನಾದ ಮೇಲೆ ನಮ್ಮ ಶಾಸಕರಿಗೆ ಭಾಷಣ ಬರೆದುಕೊಡಲು ಹೋದೆ, ಕೈ ಕೆಟ್ಟಿತು. ಅಲ್ಲಿ ಬೇಕಾದದ್ದು ಯಾರಿಗೂ ಬೇಸರವಾಗದ ಮಾತು. ‘ರಸ್ತೆ ಅಗಲವಾಗಲೇಬೇಕು; ಆದರೆ ಒಂದು ಅಂಗಡಿಯೂ ಹೋಗಬಾರದು’, ಇಂಥದ್ದು. ಕೇಳಿದವರೆಲ್ಲ ತಮಗೆ ಬೇಕಾದ ಅರ್ಧ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ನನ್ನ ಹೆಂಡತಿ ಮಾತ್ರ, “ಚಹಾ ಬೇಕೋ ಬ್ಯಾಡೋ, ಅಷ್ಟ ಹೇಳ್ರಿ” ಎನ್ನುತ್ತಾಳೆ. “ಬೇಕು, ಆದ್ರ ನಿನಗ ತ್ರಾಸ ಆಗೂದಾದ್ರ...” ಎಂದು ನಾನು ಶುರು ಮಾಡುವುದರೊಳಗೆ ಒಲೆ ಆರಿಸಿರುತ್ತಾಳೆ.

ಈಚೆಗೆ ಕ್ರಿಪ್ಟೋ ಬಂತು. ತಾರಿಹಾಳದಲ್ಲಿ ಉದ್ಯಮಿಗಳ ಸಭೆ. ಆ ಕಂಪ್ಯೂಟರ್ ನಾಣ್ಯದ ಬಗ್ಗೆ ನಮ್ಮ ಶಾಸಕ ಸಾಹೇಬರು ತಮ್ಮ ನಿಲುವು ಹೇಳಬೇಕಾಗಿತ್ತು. “ನಿಮ್ಮ ನಿಲುವು ಏನ್ರಿ ಸಾಹೇಬ್ರ?” ಎಂದು ಕೇಳಿದೆ. “ನೀವು ಬರದಮ್ಯಾಲ ಗೊತ್ತಾಗತೈತಲ್ರಿ ಮಾಸ್ತರ” ಎಂದರು. ಆಮೇಲೆ ತಲೆ ಕೆರೆದುಕೊಂಡು, “ಬಿಗಿ ಕಾಯ್ದೆ ಬೇಕಂದ್ರ ಈ ಮಂದಿ ಧಂದೆ ಕಟಗೊಂಡು ದುಬೈಗೆ ಹೊಕ್ಕೇವಿ ಅಂತಾರ. ಬ್ಯಾಡಂದ್ರ ನಾಳೆ ಯಾರರ ಮುಳುಗಿ ನನ್ನ ಕೊರಳಪಟ್ಟಿ ಹಿಡೀತಾರ. ನಡುವ ಎಲ್ಲ್ಯರ ನಿಂದರಿಸ್ರಿ ನನ್ನ” ಎಂದರು. ನಿಲ್ಲಿಸಿದೆ. ‘ಜನರ ದುಡ್ಡಿಗೆ ಕಾವಲಿಲ್ಲದೆ ಈ ವ್ಯವಹಾರಕ್ಕೆ ಬಾಗಿಲು ತೆಗೆಯಬಾರದು, ಆದರೆ ಹೊಸ ನಾಣ್ಯಕ್ಕೆ ನಮ್ಮೂರು ಹೆದರಿ ಕೂಡಬಾರದು.’ ಬರೆದು ಮುಗಿಸಿ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ನನ್ನ ಭಾಷಣಗಳನ್ನು ಎಲ್ಲರಿಗಿಂತ ಮೊದಲು ಕೇಳುವವನು ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಚನ್ನಬಸಪ್ಪ. ವಾರಕ್ಕೊಮ್ಮೆ ಜೋಳ ಬೀಸಿಸಲು ಹೋದಾಗ, ನನ್ನ ಡಬ್ಬಿಯ ಪಾಳಿ ಬರುವವರೆಗೆ ಓದಿ ತೋರಿಸುವುದು ರೂಢಿ. ಗಿರಣಿಯ ಗದ್ದಲದಲ್ಲಿ ಕೇಳಿಸಿದ್ದು ಮೈಕಿನಲ್ಲಿ ಕೇಳಿಸಿಯೇ ತೀರುತ್ತದೆ ಎಂಬ ಲೆಕ್ಕ. ಅವನು ಹಿಟ್ಟು ಮೆತ್ತಿದ ಹುಬ್ಬು ಏರಿಸಿ, “ಭಾರಿ ಬರದೀರಿ ಬಿಡ್ರಿ” ಎನ್ನುತ್ತಾನೆ. ಅವನ ಹೆಂಡತಿ ಗಂಗವ್ವ ಬಾಗಿಲ ಪಕ್ಕದ ಕುರ್ಚಿಯಲ್ಲಿರುತ್ತಾಳೆ. ಎರಡೂ ಮೊಣಕಾಲು ಸವೆದಿವೆ. ಕೂತರೆ ಏಳಲಾರಳು, ಎದ್ದರೆ ಕೂಡಲಾರಳು. ವಿದ್ಯಾನಗರದ ದವಾಖಾನೆಯಲ್ಲಿ ಒಂದು ಕಾಲಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

ಅಷ್ಟರಲ್ಲಿ ನಮ್ಮ ಓಣಿಯ ಬಾಯಿಗೆ ಒಬ್ಬ ಅಂಗಡಿ ತೆರೆದ. ಕ್ರಿಪ್ಟೋದಲ್ಲಿ ಹಾಕಿದ ರೊಕ್ಕ ಎರಡು ತಿಂಗಳಲ್ಲಿ ದುಪ್ಪಟ್ಟಂತೆ. ಸಾಹೇಬರ ತಾರಿಹಾಳ ಭಾಷಣದ ವಿಡಿಯೋದಲ್ಲಿ ನನ್ನ ಆ ಸಾಲಿನ ಮೊದಲರ್ಧ ಕತ್ತರಿಸಿ, ‘ಹೊಸ ನಾಣ್ಯಕ್ಕೆ ನಮ್ಮೂರು ಹೆದರಿ ಕೂಡಬಾರದು’ ಎಂಬುದಷ್ಟನ್ನೇ ಎಲ್ಲರ ಮೊಬೈಲಿಗೆ ಬಿಟ್ಟ. ನನಗೂ ಬಂತು. ನೋಡಿ ನಾನೇನು ಮಾಡಿದೆ ಗೊತ್ತೇನ್ರಿ? ನನ್ನ ಸಾಲು ಇಷ್ಟು ಮಂದಿಗೆ ಮುಟ್ಟಿತಲ್ಲ ಎಂದು ಹಿಗ್ಗಿ ಹೀರೇಕಾಯಿಯಾಗಿ ಹೆಂಡತಿಗೆ ತೋರಿಸಿದೆ. ಎರಡು ತಿಂಗಳಿಗೆ ಸರಿಯಾಗಿ ಅಂಗಡಿಯ ಶಟರ್ ಇಳಿಯಿತು, ಅಂಗಡಿಯವನು ಊರು ಬಿಟ್ಟ.

ಚನ್ನಬಸಪ್ಪ ಮನೆಗೆ ಬಂದು ನೆಲದ ಮೇಲೇ ಕೂತ. “ಒಂದ ಮೊಣಕಾಲಿಗಾಗುವಷ್ಟು ಕೂಡಿಸಿಟ್ಟಿದ್ದೆ ಮಾಸ್ತರ. ಎರಡಕ್ಕೂ ಆಗ್ಲಿ ಅಂತ ಅಲ್ಲಿ ಹಾಕಿದೆ.”

“ಸಾಹೇಬ್ರ ಮಾತು ಕೇಳಿ ಯಾರರ ರೊಕ್ಕ ಹಾಕ್ತಾರೇನೋ ಮಾರಾಯಾ!” ಎಂದು ಗದರಿದೆ.

“ಸಾಹೇಬ್ರ ಮಾತು ಯಾರು ನಂಬ್ತಾರ್ರಿ? ಗಿರಣ್ಯಾಗ ನೀವು ಓದಿದ್ರಲ್ಲ. ನಿಮ್ಮ ಮಾತಂತ ಹಾಕಿದೆ.”

“ಅದರ ಮುಂಚೆ ಇನ್ನೊಂದು ಅರ್ಧ ಇತ್ತಲ್ಲೋ!”

“ಗಿರಣಿ ಚಾಲೂ ಇತ್ತಲ್ರಿ” ಎಂದ. ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚಲೋ ಇತ್ತು. ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ.

ಪೊಲೀಸರಿಗೆ ದೂರನ್ನು ನಾನೇ ಬರೆದುಕೊಟ್ಟೆ, ಮೂರು ಪುಟ. ಸಾಹೇಬರ ಹೆಸರು ಬಾರದಂತೆ, ನನ್ನ ನೆರಳೂ ಬೀಳದಂತೆ ಜತನದಿಂದ ಬರೆದೆ. ‘ಸದರಿಯವರು ಹಣ ಮರಳಿಸಿಲ್ಲವಾದರೂ ಹೊಸ ಉದ್ಯಮಗಳಿಗಿರುವ ತೊಡಕುಗಳನ್ನೂ ಗಮನಿಸಬೇಕಾಗುತ್ತದೆ’ ಎಂಬ ಸಾಲು ತಾನೇ ತಾನಾಗಿ ಬಂದುಬಿಟ್ಟಿತು. ಠಾಣೆಗೆ ಇಬ್ಬರೂ ಹೋದೆವು. ಫೌಜದಾರರು ಎರಡು ಸಲ ಓದಿ, “ಇವರ ರೊಕ್ಕ ಹೋಗೇತೋ, ಆ ಅಂಗಡಿಯವಗ ಸನ್ಮಾನ ಮಾಡಬೇಕಾಗೇತೋ?” ಎಂದು ಕಾಗದ ತಿರುಗಿ ಕೊಟ್ಟರು. ದವಾಖಾನೆಯವರು ಗೊತ್ತು ಮಾಡಿದ್ದ ದಿನ ಅದೇ. ಗಂಗವ್ವ ಗಿರಣಿಯಲ್ಲಿ, ಅದೇ ಕುರ್ಚಿಯಲ್ಲಿದ್ದಳು.

ಚನ್ನಬಸಪ್ಪ ಠಾಣೆಯ ಹೊರಗಿನ ಕಟ್ಟೆಯ ಮೇಲೆ ಕೂತ. ನನ್ನ ಪೆನ್ನು ಇಸಿದುಕೊಂಡು, ನನ್ನ ಮೂರನೆಯ ಪುಟದ ಹಿಂಬದಿಗೆ ತಾನೇ ಬರೆದ. ‘ನನ್ನ ಹೇಣ್ತಿ ಆಪರೇಷನ್ನಿನ ರೊಕ್ಕ ಈ ಅಂಗಡಿಯವ ತಗೊಂಡು ಓಡಿ ಹೋಗ್ಯಾನ. ಹೊಸ ನಾಣ್ಯಕ್ಕ ಹೆದರಬ್ಯಾಡ್ರಿ ಅಂತ ಸಾಹೇಬ್ರು ಹೇಳಿದ್ದನ್ನ ತೋರಿಸಿ ಇಸಗೊಂಡ. ಆ ಮಾತು ಬರದವರು ನಮ್ಮ ಓಣಿ ಮಾಸ್ತರು. ನನ್ನ ರೊಕ್ಕ ಕೊಡಸ್ರಿ.’

“ತಪ್ಪಿದ್ರ ತಿದ್ದಿ ಕೊಡ್ರಿ ಮಾಸ್ತರ” ಎಂದು ಕೈಗೆ ಕೊಟ್ಟ. ಕೊಂಕಲ್ಲ, ಖರೇನೇ ಕಾಗುಣಿತ ನೋಡಲು ಕೊಟ್ಟಿದ್ದ. ಮೂರನೆಯ ಸಾಲಿನ ಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಅದನ್ನು ಹೊಡೆದುಹಾಕಿದ್ದರೆ ಯಾಕೆಂದು ಅವನು ಕೇಳುತ್ತಲೂ ಇರಲಿಲ್ಲ. “ಎಲ್ಲಾ ಬರೋಬ್ಬರಿ ಐತಿ” ಎಂದು ತಿರುಗಿ ಕೊಟ್ಟೆ.

ಫೌಜದಾರರು ಈ ಸಲ ಒಮ್ಮೆಗೇ ಓದಿ ಠಸ್ಸೆ ಒತ್ತಿದರು. “ಈ ಓಣಿ ಮಾಸ್ತರು ಯಾರು?” ಎಂದರು.

“ನಾನ ರಿ.”

“ಹಂಗಾರ ಕೂಡ್ರಿ. ನೀವು ಹೇಳ್ರಿ, ನಾವು ಬರಕೊಂತೇವಿ.”

ಇಷ್ಟು ವರ್ಷ ಕಂಡವರ ಬಾಯಿಗೆಲ್ಲ ಮಾತು ಹೊಂದಿಸಿಕೊಟ್ಟವನು ನಾನು. ಪೇದೆ ಪೆನ್ನು ಹಿಡಿದು ನನ್ನ ಬಾಯನ್ನೇ ನೋಡುತ್ತ ಕೂತ. ಮೊದಲು ಕುಡಿಯಲು ಸ್ವಲ್ಪ ನೀರು ಕೇಳಿದೆ.