ಮಂಗನ ಮೇಲಿನ ಪಂದ್ಯ

ಮನುಷ್ಯ ಮಂಗನಿಂದ ಬಂದನೆಂಬುದರಲ್ಲಿ ಅಂಬಾರಾಯನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅವನ ಸಂಶಯವೆಲ್ಲ ಹೆಂಡತಿಯ ಮೇಲಿತ್ತು.

ವಾಡಿ ಜಂಕ್ಷನ್ನಿನಲ್ಲಿ ಮೂವತ್ನಾಲ್ಕು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತನಾದ ಅಂಬಾರಾಯ ಚಿಮಣಿ ಪಕ್ಷದವನು. ಚಿಮಣಿ ಪಕ್ಷವೆಂದರೆ ವಿಜ್ಞಾನ, ವಿಚಾರ, ವಿಕಾಸ. (ಮೂರನ್ನೂ ಅವನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ನಡುವೆ ಉಸಿರೆಳೆದುಕೊಂಡರೆ ಬೇರೆಯವರು ಮಾತಿಗೆ ನುಗ್ಗಿಬಿಡುವ ಭಯ.) ಎದುರುಮನೆಯ ಕಿರಾಣಿ ಅಂಗಡಿಯ ಅಣವೀರ ಬೀಸುಕಲ್ಲು ಪಕ್ಷದವನು. ದೇವರು ಮನುಷ್ಯನನ್ನು ಇದೇ ಮೂಗು, ಇದೇ ಮೀಸೆಯೊಡನೆ ತಯಾರಿಸಿ ಭೂಮಿಗಿಳಿಸಿದನೆಂಬುದು ಬೀಸುಕಲ್ಲಿನವರ ಸಿದ್ಧಾಂತ. ಬೇವಿನ ಮರದ ಕೆಳಗೆ ಶಹಾಬಾದ್ ಕಲ್ಲು ಹಾಸಿದ ಕಟ್ಟೆಯಿತ್ತು. ಅಲ್ಲಿ ದಿನಾ ಸಂಜೆ ಇಬ್ಬರೂ ಜಗಳಾಡದಿದ್ದರೆ ಅಂಬಾರಾಯನಿಗೆ ರೊಟ್ಟಿ ಅರಗುತ್ತಿರಲಿಲ್ಲ.

ಕಲಬುರಗಿಯ ಕಾಲೇಜಿನ ಹುಡುಗಿಯೊಬ್ಬಳು ಮನೆಮನೆಗೆ ಬಂದು, ‘ಮನುಷ್ಯ ಹೇಗೆ ಬಂದ? ನಿಮ್ಮ ಪಕ್ಷ ಯಾವುದು?’ ಎಂದು ಬರೆದುಕೊಳ್ಳುತ್ತಿದ್ದಾಳೆಂಬ ಸುದ್ದಿ ಒಂದು ಸಂಜೆ ಕಟ್ಟೆಗೆ ತಲುಪಿತು.

“ಅಂಬಣ್ಣ, ನಿನ್ನ ಮಂಗ್ಯಾನ ಸುದ್ದಿ ಈ ಕಟ್ಟಿ ಮ್ಯಾಲ ಅಷ್ಟೇ” ಎಂದು ಅಣವೀರ ಕೆಣಕಿದ. “ನಿನ್ನ ಮನ್ಯಾಗ ನೀಲಾಬಾಯಿ ಅಕ್ಕ ದಿನಾ ಲಿಂಗಪೂಜಾ ಮಾಡ್ತಾಳ. ಎಲ್ಲಾ ಆ ಶಿವನೇ ಮಾಡ್ಯಾನ ಅಂತ ಬರಸ್ತಾಳ, ನೋಡ್ತಿರು.”

“ನಮ್ಮ ಮನ್ಯಾಗ ಎರಡು ಬಾಯಿ, ಒಂದೇ ಮಾತು!” ಎಂದು ಅಂಬಾರಾಯ ಎದೆ ತಟ್ಟಿದ. (ಎರಡು ಬಾಯಿ ಎಂಬುದು ನಿಜ.)

“ಹಂಗಾದ್ರ ಪಂದ್ಯ. ಇಬ್ಬರೊಳಗ ಒಬ್ಬರು ತಪ್ಪಿದ್ರೂ ನೀ ಒಂದು ತಿಂಗಳು ಕಟ್ಟಿ ಮ್ಯಾಲ ಬಾಯಿ ತೆಗಿಬಾರದು. ತಪ್ಪಲಿಲ್ಲಂದ್ರ ನಾ ತೆಗಿಯಂಗಿಲ್ಲ.”

ಕೈಗೆ ಕೈ ಬಿತ್ತು. ಮನೆ ಮುಟ್ಟುವ ಹೊತ್ತಿಗೆ ಅಂಬಾರಾಯ ಲೆಕ್ಕ ಹಾಕತೊಡಗಿದ್ದ. ತಿಂಗಳ ಪಿಂಚಣಿ ತಪ್ಪಿದರೆ ಹೇಗಾದರೂ ಬದುಕಬಹುದು. ತಿಂಗಳ ಮಾತು ತಪ್ಪಿದರೆ?

ನೀಲಾಬಾಯಿ ಪಡಸಾಲೆಯಲ್ಲಿ ತವರೂರಾದ ಮುಧೋಳದಿಂದ ಬಂದ ಜೋಳದ ತೆನೆಗಳನ್ನು ಹರವಿಕೊಂಡು ಬೀಜಕ್ಕೆ ಆರಿಸುತ್ತಿದ್ದಳು. ಬಿತ್ತನೆಯ ತೆನೆ ಆರಿಸುವುದು ಅವರ ಕಡೆ ಹೆಂಗಸರ ಕೆಲಸ. ಗಂಡಸರ ಕೈ ಅದಕ್ಕೆ ತಾಗಬಾರದು.

“ನೀಲಾ, ಮನುಷ್ಯ ಹೆಂಗ ಬಂದ, ಹೇಳು.”

“ರೈಲಿನಾಗ. ಈ ಊರಿಗಿ ಎಲ್ಲಾರೂ ರೈಲಿನಾಗೇ ಬಂದಾರ.”

“ಚಾಷ್ಟಿ ಬ್ಯಾಡ. ಮಂಗ್ಯಾದಿಂದ ಬಂದ ಅನ್ನು.”

“ನಿಮ್ಮಪ್ಪನ ಕಡಿಯವರು ಬಂದಿರಬೇಕು. ನಮ್ಮ ಕಡಿಯವರೆಲ್ಲಾ ನೆಟ್ಟಗದಾರ.”

ಅಂಬಾರಾಯ ಅವಳೆದುರು ಕುಕ್ಕರಗಾಲಲ್ಲಿ ಕೂತು ಪಂದ್ಯದ ವೃತ್ತಾಂತವನ್ನೆಲ್ಲ ಒಪ್ಪಿಸಿದ. ನೀಲಾಬಾಯಿಯ ಕೈ ತೆನೆಯ ಮೇಲೆ ನಿಂತಿತು.

“ಒಂದು ತಿಂಗಳು ಕಟ್ಟಿ ಮ್ಯಾಲ ಮಾತಾಡಂಗಿಲ್ಲಂದ್ರ ಎಲ್ಲಿ ಮಾತಾಡ್ತೀರಿ?”

“ಎಲ್ಲಿ ಅಂದ್ರ? ಮನ್ಯಾಗ.”

“ಅಯ್ಯ ಶಿವನೇ!” ಎಂದು ನೀಲಾಬಾಯಿ ಎದೆ ಹಿಡಿದುಕೊಂಡಳು. “ಹಂಗಿದ್ರ ನೀವು ಗೆಲ್ಲಲೇಬೇಕು!”

ಅಂದಿನಿಂದ ದಿನಾ ಅಂಬಾರಾಯ ಅವಳಿಗೆ ಮಂಗನ ಪಾಠ ಹೇಳಿದ. ಮುಂದಿನ ಗುರುವಾರ ಹತ್ತು ಗಂಟೆಗೆ ದೇವಿಕಾ ಎಂಬ ಆ ಹುಡುಗಿ ಹೆಗಲಚೀಲ, ಹಾಳೆಗಳ ಕಟ್ಟಿನೊಡನೆ ಬಂದಳು. ಪಂದ್ಯದ ಸಾಕ್ಷಿಗೆಂದು ಅಣವೀರ ಅಂಗಡಿಯ ಬಾಗಿಲೆಳೆದು ಬಂದು ಹೊಸ್ತಿಲ ಬಳಿ ಕೂತ. ಮೊದಲ ಸರದಿ ನೀಲಾಬಾಯಿಯದು.

“ಅಮ್ಮಾರೇ, ನಿಮ್ಮ ಪಕ್ಷ ಯಾವುದ್ರಿ?”

“ಓಟು ಗುಟ್ಟಿಂದು ತಂಗಿ. ಇವರಿಗೇ ಹೇಳಿಲ್ಲ.”

ಅಂಬಾರಾಯ ಬೆಚ್ಚಿದ. ಮೂವತ್ತು ವರ್ಷದಿಂದ ಅವನು ಆ ಓಟನ್ನು ಚಿಮಣಿಯ ಲೆಕ್ಕಕ್ಕೇ ಹಾಕಿಕೊಂಡು ಬಂದಿದ್ದ.

“ಇರಲಿ ಬಿಡ್ರಿ. ಜೀವಿಗಳೆಲ್ಲಾ ಮೊದಲಿಂದ ಹಿಂಗೇ ಅದಾವೇನ್ರಿ, ಇಲ್ಲಾ ಬದಲಾಗ್ತಾ ಬಂದಾವ್ರಿ?”

ನೀಲಾಬಾಯಿ ಒಂದು ತೆನೆ ಎತ್ತಿಕೊಂಡಳು. ಕಿಟಕಿಯ ಬೆಳಕಿನಲ್ಲಿ ಕಾಳುಗಳು ಮುತ್ತಿನಂತೆ ಒತ್ತೊತ್ತಾಗಿ ಹೊಳೆದವು. ಅವಳ ದನಿ ತಾನಾಗಿ ತಗ್ಗಿತು.

“ನಮ್ಮವ್ವ ನನಗ ಬೀಜ ಕೊಟ್ಟಾಗ ತೆನಿ ಒಂದು ಮುಷ್ಟಿ ಇತ್ತವ್ವಾ, ಕಾಳು ಸಡ್ಲ. ವರ್ಷಾ ನಾ ದಪ್ಪಂದೇ ಆರಿಸ್ಕೊಂತ ಬಂದೆ. ಈಗ ಬೊಗಸಿ ತುಂಬ್ತದ. ನಾ ಒಬ್ಬಾಕಿ ಮೂವತ್ತು ವರ್ಷದಾಗ ಇಷ್ಟು ಬದಲ್ ಮಾಡೀನಂದ್ರ, ಬಿಸಿಲು, ಮಳಿ, ಬರಗಾಲ ಎಲ್ಲಾ ಕೂಡಿ ಲಕ್ಷ ಲಕ್ಷ ವರ್ಷ ಆರಿಸಿದ್ರ ಏನು ಆಗಂಗಿಲ್ಲ? ಮನುಷ್ಯನೂ ಹಂಗೇ ಬಂದಿರಬೇಕು.”

“ಮತ್ತ ಶಿವ?” ಎಂದು ಹೊಸ್ತಿಲಿನಿಂದ ಅಣವೀರ ತಡೆಯಲಾರದೆ ಕೂಗಿದ.

“ಶಿವಂದೂ ಕಾಯಕ ಅದ ಅಣವೀರಣ್ಣ. ಒಂದು ವಾರದಾಗ ಎಲ್ಲಾ ಮಾಡಿ ಮುಗಿಸಿ ಕಟ್ಟಿ ಮ್ಯಾಲ ಕುಂದರಲಿಕ್ಕೆ ಅವನೇನು ರಿಟೈರ್ ಆಗ್ಯಾನ?”

ದೇವಿಕಾ ಬರೆಯುವುದನ್ನು ಬಿಟ್ಟು ಅವಳ ಮುಖವನ್ನೇ ನೋಡಿದಳು. ಆಮೇಲೆ ‘ಬದಲಾಗುತ್ತ ಬಂದಿವೆ’ ಎಂಬಲ್ಲಿ ಗುರುತು ಹಾಕಿದಳು. ಅಂಬಾರಾಯನ ಎದೆ ಎಂಜಿನ್ನಿನಂತೆ ಹಬೆಯಾಡಿತು. ಗಂಡಾಂತರ ಕಳೆದಿತ್ತು! ಉಳಿದದ್ದು ತನ್ನ ಉತ್ತರ ಮಾತ್ರ. ಅವನು ಅಂಗಿಯ ಕಾಲರ್ ಸರಿಪಡಿಸಿಕೊಂಡು ಅಣವೀರನತ್ತ ತಿರುಗಿ, ತುಟಿಗೆ ಬೀಗ ಹಾಕುವ ಅಭಿನಯ ಮಾಡಿ ತೋರಿಸಿದ.

“ಬರ್ಕೋ ತಂಗಿ. ಚಿಮಣಿ ಪಕ್ಷ! ದಪ್ಪ ಅಕ್ಷರದಾಗ ಬರಿ.”

“ಪಕ್ಷ ಹೇಳಿದವರಿಗಿ ಬ್ಯಾರೆ ಹಾಳಿ ಅದ ಸರ್” ಎಂದು ದೇವಿಕಾ ಇನ್ನೊಂದು ಹಾಳೆ ತೆಗೆದಳು. “ಬೀಸುಕಲ್ಲು ಪಕ್ಷದ ಹಿರಿಯ ನಾಯಕರೊಬ್ಬರು ಮೊನ್ನೆ ಒಂದು ಮಾತು ಹೇಳ್ಯಾರ: ‘ಮನುಷ್ಯ, ಮಂಗ ಎರಡೂ ಒಂದೇ ಮೂಲದಿಂದ ಬದಲಾಗುತ್ತ ಬಂದಿವೆ.’ ಇದನ್ನ ಒಪ್ತೀರಾ?”

ಬೀಸುಕಲ್ಲು ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಅಂಬಾರಾಯನ ರಕ್ತ ತಲೆಗೇರಿತು.

“ಸುಳ್ಳು! ಹಸಿ ಸುಳ್ಳು! ಆ ಮಂದಿ ಬಾಯಾಗ ಎಂದಾರ ಖರೇ ಬಂದದೇನು? ಮಂಗ್ಯಾ ಬ್ಯಾರೆ, ಮನುಷ್ಯ ಬ್ಯಾರೆ! ಬರ್ಕೋ!”

“ಏನು ಸುಳ್ಳು?” ಎಂದು ಅಣವೀರ ಹೊಸ್ತಿಲಲ್ಲಿ ಎದ್ದು ನಿಂತ. “ನಮ್ಮ ನಾಯಕರು ಹೇಳ್ಯಾರಂದ್ರ ನೂರಕ್ಕ ನೂರು ಖರೇ! ಮಂಗ್ಯಾ, ಮನುಷ್ಯ ಎರಡೂ ಒಂದೇ!”

ಹೀಗೆ ಅರೆಗಳಿಗೆಯಲ್ಲಿ ಇಬ್ಬರೂ ತಮ್ಮ ತಮ್ಮ ಸಿದ್ಧಾಂತವನ್ನು ಅದಲುಬದಲು ಮಾಡಿಕೊಂಡರು. ನೀಲಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೇವಿಕಾಳ ಪೆನ್ನು ‘ಒಪ್ಪುವುದಿಲ್ಲ’ ಎಂಬಲ್ಲಿ ಗುರುತು ಹಾಕಿತು. ಆಮೇಲೆ ಅವಳು ಮೆಲ್ಲಗೆ ಹೇಳಿದಳು:

“ಸಿಟ್ಟಾಗಬ್ಯಾಡ್ರಿ ಸರ್. ಯಾವ ನಾಯಕರೂ ಹಿಂಗ ಹೇಳಿಲ್ಲ. ಮಂದಿ ಮಾತು ತೂಗ್ತಾರೋ, ಮಾತಾಡಿದವರ ಮಾರಿ ನೋಡ್ತಾರೋ ಅಂತ ತಿಳ್ಕೊಳ್ಳಲಿಕ್ಕೆ ಇದನ್ನ ಕೇಳ್ತೀವಿ.”

“ಹೇಳಿಲ್ಲಂದ್ರೇನಾತು, ಹೇಳೋರೇ ಇದ್ದರು!” ಎಂದ ಅಣವೀರ.

ಪಂದ್ಯದ ತೀರ್ಪನ್ನು ನೀಲಾಬಾಯಿಯೇ ಕೊಟ್ಟಳು. “ದಿನಾ ನನಗ ಪಾಠ ಹೇಳಿದ್ರಿ. ನಾ ಪಾಸಾದೆ. ಮಾಸ್ತರರೇ ಫೇಲ್ ಆದ್ರು.”

ಮರುದಿನ ಸಂಜೆ ಕಟ್ಟೆಯ ಮೇಲೆ ಅಣವೀರನ ಉಪನ್ಯಾಸ ನಡೆಯಿತು. ಅವನ ಕೈಯಲ್ಲಿ ನೀಲಾಬಾಯಿಯಿಂದ ಬೇಡಿ ತಂದ, ಬೀಜಕ್ಕಲ್ಲದ ತೆನೆಯೊಂದಿತ್ತು. “ಮುಷ್ಟಿ ಇದ್ದದ್ದು ಬೊಗಸಿ ಆತು ನೋಡ್ರಿ! ಮಂಗ್ಯಾ ಇದ್ದದ್ದು ಮನುಷ್ಯ ಆತು! ಇದನ್ನ ಈ ಊರಿಗಿ ಮೊದಲು ತಿಳಿಸಿ ಹೇಳಿದವರೇ ನಾವು, ಬೀಸುಕಲ್ಲಿನವರು!” ಬೀಸುಕಲ್ಲಿನವರು ಚಪ್ಪಾಳೆ ತಟ್ಟಿದರು. ಮಾತೆಲ್ಲ ಅಂಬಾರಾಯನದೇ, ಬಾಯಿ ಮಾತ್ರ ಅಣವೀರನದು.

ಕಟ್ಟೆಯ ಇನ್ನೊಂದು ಬದಿಗೆ ಚಿಮಣಿ ಪಕ್ಷದ ಏಳೆಂಟು ಮಂದಿ ಅಂಬಾರಾಯನ ಸುತ್ತ ಕಂಗಾಲಾಗಿ ಕೂತಿದ್ದರು. ಅವರಲ್ಲಿ ಚಹಾದಂಗಡಿಯ ಬಂದೇನವಾಜ್ ಮೆಲ್ಲಗೆ ಅಂಬಾರಾಯನ ಕಿವಿಯ ಬಳಿ ಬಗ್ಗಿದ.

“ಕಾಕಾ, ಮಂಗ್ಯಾನ ಅವರು ತಗೊಂಡ್ರು. ಇನ್ನ ನಾವು ಮಂಗ್ಯಾದಿಂದೇ ಬಂದೀವಿ ಅನ್ನೋಣೇನ್ರಿ?”

‘ಹೌದಪ್ಪಾ ಹೌದು, ಅಂತಲೇ ಇರ್ರಿ, ಬಿಡಬ್ಯಾಡ್ರಿ!’ ಎಂದು ಅಂಬಾರಾಯನ ಪ್ರಾಣವೇ ಕೂಗಿತು. ಆದರೆ ಪಂದ್ಯ ಪಂದ್ಯವೇ. ಬಾಯಿ ತೆರೆಯಲಾರದ ಸಂಕಟಕ್ಕೆ ಅವನು ತಲೆಯನ್ನು ಅತ್ತಿಂದಿತ್ತ, ಇತ್ತಿಂದತ್ತ ಹುಚ್ಚನಂತೆ ಕೊಡವಿದ.

ಬಂದೇನವಾಜನ ಮುಖ ಅರಳಿತು. ಅವನು ಕಟ್ಟೆಯ ಮೇಲೆ ಹತ್ತಿ ನಿಂತ.

“ಕಾಕಾ ಇಲ್ಲ ಅಂದ್ರು! ನಮ್ಮನ್ನ ದೇವರೇ ಮಾಡ್ಯಾನ! ಬೋಲೋ, ಚಿಮಣಿ ಪಕ್ಷಕ್ಕ...”

“ಜಯವಾಗಲಿ!” ಎಂದು ಏಳೆಂಟು ಕಂಠಗಳು ಮುಗಿಲು ಮುಟ್ಟಿದವು. ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಯಾರೂ ಹಾಕದಿದ್ದ ಹೂವಿನ ಹಾರವನ್ನು ಅವರು ಅಂದು ಅಂಬಾರಾಯನ ಕೊರಳಿಗೆ ಹಾಕಿ, ಅವನನ್ನು ಹೆಗಲ ಮೇಲೆ ಹೊತ್ತು ಸ್ಟೇಷನ್ನಿನ ತನಕ ಮೆರವಣಿಗೆ ಮಾಡಿದರು.