ಮುಚ್ಚಳದೊಳಗಿನ ಚುಕ್ಕೆ

ಬೀದಿಯವರೆಲ್ಲ ‘ವಾಚಪ್ಪ’ ಎಂದೇ ಕರೆಯುವ ಗಡಿಯಾರ ರಿಪೇರಿಯವರಿಗೆ ಈ ಜಗತ್ತಿನಲ್ಲಿ ಇಬ್ಬರ ಮೇಲೆ ಮಾತ್ರ ಭಕ್ತಿ. ಒಬ್ಬರು, ಕಸುಬು ಕಲಿಸಿ ಮಗಳನ್ನೂ ಕೊಟ್ಟು ಕಣ್ಮುಚ್ಚಿದ ಮಾವ. ಇನ್ನೊಬ್ಬ, ಹಳೇ ಕಾದಂಬರಿಗಳ ಓವರ್‌ಕೋಟ್ ಪತ್ತೇದಾರ. ಬಂಗಲೆಯಲ್ಲಿ ಕೊಲೆಯಾದರೆ ಈ ಮಹಾಶಯ ಓಡುವುದಿಲ್ಲ, ಹಾರುವುದಿಲ್ಲ. ಬಿಸ್ಕತ್ತು ಕಡಿಯುತ್ತ ಯೋಚಿಸಿ, ಕೊನೇ ಅಧ್ಯಾಯದಲ್ಲಿ ಎಲ್ಲರನ್ನೂ ಒಂದೆಡೆ ಕೂರಿಸಿ ಅಪರಾಧಿಯತ್ತ ಬೆರಳು ಚಾಚುತ್ತಾನೆ. ವಾಚಪ್ಪನವರು ದಿನಾ ಮಧ್ಯಾಹ್ನ ಊಟವಾದ ಮೇಲೆ ಆ ಪುಸ್ತಕ ಹಿಡಿದು ಮಲಗುತ್ತಿದ್ದರು. (ಎರಡನೇ ಪುಟಕ್ಕೇ ಗೊರಕೆ.)

ಮುಂಗೋಣೆಯಲ್ಲೇ ಅಂಗಡಿ ಇಟ್ಟಿದ್ದ ಇಂಥವರ ಮನೆಯಲ್ಲೇ ಒಂದು ರಹಸ್ಯ ಹುಟ್ಟಿಕೊಂಡಿತು. ರಿಪೇರಿಯಾದ ಪ್ರತಿ ವಾಚಿನ ಹಿಂಬದಿ ಮುಚ್ಚಳದ ಒಳಗೆ ತಾರೀಖು ಗೀರುವುದು ಅವರ ಪದ್ಧತಿ. ಸರ್ವೀಸಿಗೆಂದು ಮತ್ತೆ ಬಂದ ಮೂರು ವಾಚುಗಳಲ್ಲಿ ತಾರೀಖಿನ ಪಕ್ಕ ಒಂದು ದಪ್ಪ ಚುಕ್ಕೆ! ತಮ್ಮ ಕೆಲಸದಲ್ಲಿ ಯಾರೋ ಕೈಯಾಡಿಸಿದ್ದಾರೆ. ಆರು ತಿಂಗಳಿಂದ ಒಂದೇ ಒಂದು ದೂರು ಬಾರದ ಅಂಗಡಿಯ ಹೆಸರು ಮಣ್ಣುಪಾಲಾದರೆ ಗತಿಯೇನು?

ಭಾನುವಾರ ಬೆಳಿಗ್ಗೆ ಸೆಕೆಯಲ್ಲೂ ಕೋಟು ತೊಟ್ಟು, ಬಿಸ್ಕತ್ತು ಕಡಿಯುತ್ತ, ಹೆಂಡತಿ, ಅತ್ತೆ, ಬಾಮೈದ ಮೂವರನ್ನೂ ನಡುಮನೆಯಲ್ಲಿ ಕೂರಿಸಿದರು.

“ಬೇಗ ಮುಗಿಸ್ರೀ, ಒಲೆ ಮೇಲೆ ಹಾಲಿದೆ,” ಎಂದಳು ಹೆಂಡತಿ.

“ಅಪರಾಧಿ ಈ ಕೋಣೆಯಲ್ಲೇ ಇದ್ದಾನೆ!” ಬೆರಳು ಬಾಮೈದನ ಮೂಗಿನ ಮುಂದೆ ನಿಂತಿತು. “ಬಸ್ ಕಂಡಕ್ಟರ್! ಟಿಕೆಟ್ಟಿಗೆ ಗುರುತು ಹಾಕಿ ಹಾಕಿ ಚಟ ಹತ್ತಿದೆ!”

“ಭಾವ, ವಾಚಲ್ಲಿ ಟೈಮ್ ನೋಡೋದು ಬಿಟ್ರೆ ನಂಗೇನೂ ಬರಲ್ಲ.”

“ಅದೂ ಸರಿಯಾಗಿ ಬರಲ್ಲ,” ಎಂದರು ಅತ್ತೆ.

“ಅವನನ್ನ ಬಿಡಿ. ಚುಕ್ಕೆ ನಂದು,” ಎಂದಳು ಹೆಂಡತಿ.

ವಾಚಪ್ಪನವರ ಬೆರಳು ಬಾಮೈದನ ಮೂಗಿನಿಂದ ಹೆಂಡತಿಯತ್ತ ತಿರುಗಿತು.

“ನಿಮ್ಮ ಕಣ್ಣು ಪೊರೆ ಬಂದು ಮಂಜಾಗಿದೆ. ಹೇಳಿದ್ರೆ ಮೂಗಿನ ತುದೀಲೇ ಕೋಪ. ಮೇಷ್ಟ್ರ ವಾಚಿನ ಗಾಜಿನೊಳಗೆ ನಿಮ್ಮದೇ ನರೆಗೂದಲು ಸೇರಿಸಿ ಮುಚ್ಚಿದ್ರಿ. ಮೂರು ಮುಳ್ಳಿನ ವಾಚು ನಾಲ್ಕು ಮುಳ್ಳಿನದಾಯ್ತು! ಪಾಪ, ಅವರು ಯಾವ ಮುಳ್ಳು ನೋಡಿ ಗಂಟೆ ಹೊಡೆಸ್ಬೇಕು? ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಕಲ್ತಿದ್ನಲ್ಲ, ನೀವು ಮಲಗಿದಾಗ ಬಿಚ್ಚಿ ಸರಿಮಾಡ್ತಿದ್ದೆ. ನೋಡಿ ಆಯ್ತು ಅಂತ ಗುರುತಿಗೆ ಒಂದು ಚುಕ್ಕೆ.”

ಆರು ತಿಂಗಳ ಕೀರ್ತಿ ಯಾರದೆಂದು ಪತ್ತೇದಾರರಿಗೆ ಈಗ ಪತ್ತೆಯಾಯಿತು. ಅವರು ಮೆಲ್ಲಗೆ ಕೋಟು ಕಳಚಿದರು. ನಾಚಿಕೆಗಿಂತ ಹೆಚ್ಚಾಗಿ ಎದೆ ತುಂಬಿ ಬಂದಿತ್ತು.

“ನನ್ನ ಮಾನ ಉಳಿಸಿದೆ ಕಣೇ. ಮಾವನವರು ಕಸುಬು ಕೊಟ್ಟರು ಅಂತಷ್ಟೇ ನೆನೀತಿದ್ದೆ. ಅದನ್ನ ಕಾಯೋಕೆ ನಿನ್ನನ್ನೂ ಕೊಟ್ಟಿದ್ರು.”

“ಸಾಕು, ಹಾಲು ಉಕ್ಕಿತು!” ಎಂದು ಅವಳು ಕಣ್ಣೊರೆಸಿಕೊಂಡು ಓಡಿದಳು.

ಕಣ್ಣಿನ ಆಪರೇಷನ್ ಆಗುವವರೆಗೆ ರಿಪೇರಿ ಮೇಜು ಅವಳಿಗೆ, ಅಡುಗೆಮನೆ ಇವರಿಗೆ ಎಂದು ತೀರ್ಮಾನವಾಯಿತು. ಸೋಮವಾರ ವಾಚಪ್ಪನವರು ಗಂಟೆಗಟ್ಟಲೆ ಕೂತು ಅಕ್ಕಿ ಆರಿಸಿ ಡಬ್ಬಕ್ಕೆ ತುಂಬಿದರು. ಒಂದೇ ಒಂದು ಕಲ್ಲೂ ಇರಲಿಲ್ಲವೆಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡದ್ದೂ ಆಯಿತು.

ಮಂಗಳವಾರ ಡಬ್ಬ ತೆರೆದರೆ, ಮುಚ್ಚಳದ ಒಳಗೆ ಸೀಮೆಸುಣ್ಣದ ಒಂದು ಚುಕ್ಕೆ. ಪಕ್ಕದ ತಟ್ಟೆಯಲ್ಲಿ ಒಂದು ಹಿಡಿ ಕಲ್ಲು. ಮೂಲೆಯಲ್ಲಿ ಅತ್ತೆ ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡೇ ಕಣ್ಣು ಮುಚ್ಚಿ ಕೂತಿದ್ದರು.

ಈ ಸಲ ವಾಚಪ್ಪನವರು ಯಾರನ್ನೂ ನಡುಮನೆಗೆ ಕರೆಯಲಿಲ್ಲ. ಸದ್ದಿಲ್ಲದೆ ಹೋಗಿ ಅತ್ತೆಯ ಕೈಗೆ ಎರಡು ಬಿಸ್ಕತ್ತು ಇಟ್ಟು ಬಂದರು.