ಅತ್ತೆಯ ಪ್ಲಾಸ್ಮಾ ಟಿ.ವಿ. ರಾಮಮೂರ್ತಿ ನಗರಕ್ಕೆ ಬಂದದ್ದು

ಏನೂ ಆಗದೆ ಇರುವಾಗಲೂ ಏನೋ ಆಗಿಹೋದವನ ಹಾಗೆ ಮುಖ ಮಾಡಿಕೊಂಡಿರುತ್ತೇನೆ ಎನ್ನುವುದು ನನ್ನ ಮೇಲೆ ನನ್ನ ಹೆಂಡತಿ ವೀಣಾಳ ಹಳೆಯ ದೂರು. ದೂರಿನಲ್ಲಿ ಸುಳ್ಳೇನೂ ಇಲ್ಲ. ಕುಕ್ಕರ್ ಎರಡನೆಯ ಸಲ ಕೂಗಲು ತಡಮಾಡಿದರೆ ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಬೆಳಬೆಳಗ್ಗೆ ಫೋನು ಬಡಿದುಕೊಂಡರೆ ಯಾರಿಗೆ ಏನಾಯಿತೋ ಎಂದುಕೊಂಡೇ ಎತ್ತುತ್ತೇನೆ. ಆ ಕಡೆಯವರು ನಿವೇಶನ ಬೇಕೇ ಎಂದು ಕೇಳಿದರೆ, ಅಷ್ಟೇ ತಾನೆ ಎಂದು ಅವರಿಗೆ ಮನಸಾರೆ ಥ್ಯಾಂಕ್ಸ್ ಹೇಳಿ ಇಡುತ್ತೇನೆ. ವಿಮಾ ಕಚೇರಿಯಲ್ಲಿ ಕುಳಿತು ಕುಸಿದ ಗೋಡೆ, ಸುಟ್ಟ ಗೋದಾಮು, ಮಗುಚಿದ ಲಾರಿಗಳ ಫೋಟೊ ನೋಡುತ್ತ ನೋಡುತ್ತ ತಲೆ ನರೆತವನಿಗೆ, ಗಟ್ಟಿಯಾಗಿ ನಿಂತಿರುವ ಗೋಡೆ ಕಂಡರೂ ‘ಇದಿನ್ನೂ ಬಿದ್ದಿಲ್ಲ’ ಎಂದಷ್ಟೇ ಅನ್ನಿಸುತ್ತದೆ. ಇಂಥವನ ಕೈಗೆ ನಮ್ಮ ಅತ್ತೆ ತಮ್ಮ ಟಿ.ವಿ.ಯನ್ನು ಒಪ್ಪಿಸಿ ಊರಿಗೆ ಹೋದರು.

ಅತ್ತೆ ಎಂದರೆ ವೀಣಾಳ ತಾಯಿ, ಸರೋಜಮ್ಮ. ದಂಡು ಪ್ರದೇಶದ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿದ್ದವರು. ಗಂಡ ಬೇಗ ತೀರಿಕೊಂಡ ಮೇಲೆ ಹಲಸೂರಿನ ಒಂದು ಮಹಡಿ ಮನೆಯಲ್ಲಿದ್ದುಕೊಂಡು, ನೈಟ್ ಡ್ಯೂಟಿ ಮಾಡಿ, ಮಗಳನ್ನು ಓದಿಸಿದವರು. ತರಕಾರಿಯವಳ ಹತ್ತಿರ ತಮಿಳು, ದರ್ಜಿಯ ಹತ್ತಿರ ದಖನಿ ಉರ್ದು, ನಮ್ಮ ಹತ್ತಿರ ಕನ್ನಡ, ಟಿ.ವಿ.ಯೊಳಗಿನ ಟೆನಿಸ್ ಆಟಗಾರರ ಹತ್ತಿರ ಇಂಗ್ಲಿಷ್. ಟೆನಿಸ್ ಅವರಿಗೆ ಹೇಗೆ ಅಂಟಿಕೊಂಡಿತೋ ತಿಳಿಯದು. ನಿವೃತ್ತಿಯಾದ ದಿನ ಬೇರೆಯವರಾಗಿದ್ದರೆ ಬಳೆ ಮಾಡಿಸುತ್ತಿದ್ದರು. ಅತ್ತೆ ನೇರ ಅಂಗಡಿಗೆ ಹೋಗಿ, ಅಲ್ಲಿದ್ದುದರಲ್ಲೇ ದೊಡ್ಡದಾದ, ಎಲ್ಲಕ್ಕಿಂತ ಚೆನ್ನಾಗಿ ಚೆಂಡು ಕಾಣಿಸುವ ಪ್ಲಾಸ್ಮಾ ಟಿ.ವಿ. ತಂದರು. ಆ ಕಾಲಕ್ಕೆ ಅದನ್ನು ನೋಡಲೆಂದೇ ಬೀದಿಯವರು ಬರುತ್ತಿದ್ದರಂತೆ. ಈಗ ಅಂಥದ್ದನ್ನು ತಯಾರಿಸುವವರೇ ಇಲ್ಲ. ಹೊಸದು ಕೊಡಿಸುತ್ತೇವೆ ಎಂದರೆ, “ಹೊಸದ್ರಲ್ಲಿ ಚೆಂಡಿಗೆ ಬಾಲ ಬರುತ್ತೆ. ಕಪ್ಪು ಕಪ್ಪಾಗಿರಲ್ಲ, ಬೂದಿ ಬಳ್ದಂಗಿರುತ್ತೆ,” ಎಂದು ತಳ್ಳಿಹಾಕುತ್ತಿದ್ದರು.

ಹಲಸೂರಿನ ಮನೆಯ ಮೆಟ್ಟಿಲು ಅವರ ಮಂಡಿಗೆ ಆಗದೆ ಹೋದಾಗ ನಾವು ಮೂವರೂ ಒಟ್ಟಿಗಿರಲೆಂದು ರಾಮಮೂರ್ತಿ ನಗರದಲ್ಲಿ ಲಿಫ್ಟ್ ಇರುವ ಫ್ಲ್ಯಾಟ್ ಹಿಡಿದೆವು. ಅತ್ತೆ ಬೇಗ ಒಪ್ಪಲಿಲ್ಲ. ಸೋಮೇಶ್ವರನ ಗುಡಿ ಬಿಟ್ಟು, ಮಾರ್ಕೆಟ್ ಬಿಟ್ಟು, ಕೆರೆಯ ಗಾಳಿ ಬಿಟ್ಟು ಟಿನ್ ಫ್ಯಾಕ್ಟರಿಯಾಚೆ ಹೋಗಿ ಬದುಕುವುದು ಹೇಗೆಂದು ತಿಂಗಳುಗಟ್ಟಲೆ ಯೋಚಿಸಿ, ಕೊನೆಗೆ ನನ್ನನ್ನು ಕರೆದು ಹೇಳಿದರು: “ಅಳಿಯಂದ್ರೇ, ಟಿ.ವಿ. ಜೋಪಾನವಾಗಿ ಹೋದ್ರೆ ನಾನೂ ಬರ್ತೀನಿ. ಬಾಡಿಗೆ ಕಟ್ಟಾಗಿದೆ, ಈ ತಿಂಗಳು ಪೂರ್ತಿ ಈ ಮನೆ ಬೀಗದ ಕೈ ನನ್ನ ಹತ್ರಾನೇ ಇರುತ್ತೆ, ನೆನಪಿರ್ಲಿ.” ಹೀಗೆಂದು ತಂಗಿಯ ಮನೆಗೆಂದು ಕೆ.ಜಿ.ಎಫ್. ರೈಲು ಹತ್ತಿದರು.

ಪ್ಲಾಸ್ಮಾ ಟಿ.ವಿ.ಯನ್ನು ಮಲಗಿಸಿ ಸಾಗಿಸಬಾರದು, ನಿಲ್ಲಿಸಿಯೇ ಒಯ್ಯಬೇಕು, ಇಲ್ಲದಿದ್ದರೆ ಒಳಗಿನ ಗಾಜು ಬಿರುಕು ಬಿಡುತ್ತದೆ ಎಂದು ಎಲ್ಲೋ ಓದಿಕೊಂಡಿದ್ದೆ. ಸಾಮಾನು ಸಾಗಿಸಲು ಬಂದವರ ಮುಖಂಡ ಬಸಣ್ಣ, ಕಲಬುರಗಿ ಕಡೆಯವನು, ಗರುಡಾಚಾರ್‌ಪಾಳ್ಯದಲ್ಲಿ ರೂಮು ಮಾಡಿಕೊಂಡಿದ್ದಾನೆ. ಟಿ.ವಿ.ಗೆ ಕಂಬಳಿ ಸುತ್ತಿ, ಎರಡು ಹಾಸಿಗೆಯ ನಡುವೆ ಜಾಗ ಮಾಡಿ, “ಏನೂ ಆಗಂಗಿಲ್ರೀ ಸರ, ಆರಾಮ್ ಮುಂದ್ ಕೂಡ್ರಿ,” ಎಂದ. ನಾನು ಕೂರಲಿಲ್ಲ. ಗಾಡಿಯ ಹಿಂದೆಯೇ ಹತ್ತಿ, ಟಿ.ವಿ.ಯನ್ನು ತಬ್ಬಿಕೊಂಡು ನಿಂತೆ. ಹಳೇ ಮದ್ರಾಸ್ ರಸ್ತೆಯ ಒಂದೊಂದು ಹಂಪ್ ಬಂದಾಗಲೂ ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಪಕ್ಕದಲ್ಲಿ ಬಂದ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ನನ್ನನ್ನೂ ನಾನು ತಬ್ಬಿಕೊಂಡ ಕಂಬಳಿಯ ಗಂಟನ್ನೂ ನೋಡಿ, ಒಳಗೆ ಯಾರೋ ಕಾಯಿಲೆಯವರಿದ್ದಾರೆ ಎಂದುಕೊಂಡಳೋ ಏನೋ, ಕೈಮುಗಿದಳು.

ಹೊಸ ಮನೆಯ ಹಾಲಿನಲ್ಲಿ ಟಿ.ವಿ.ಯನ್ನು ಅದರ ಸ್ಟ್ಯಾಂಡಿನ ಮೇಲೆ ಕೂರಿಸಿ, ವೈರು ಸಿಕ್ಕಿಸಿ, ಸ್ವಿಚ್ಚು ಒತ್ತಿದೆ. ಕೆಂಪು ದೀಪ ಬಂತು. ಒಳಗೆ ಎಲ್ಲೋ ‘ಟಕ್’ ಎಂದಿತು. ಪರದೆ ಒಂದು ಕ್ಷಣ ಬೆಳಗಾದ ಹಾಗೆ ತಿಳಿಯಾಯಿತು. ಮತ್ತೆ ‘ಟಕ್’. ಕತ್ತಲು. ಕೆಂಪು ದೀಪ ಮಾತ್ರ ಕಣ್ಣು ಮಿಟುಕಿಸತೊಡಗಿತು. ವೀಣಾ, “ಸುಸ್ತಾಗಿರ್ಬೇಕು ಬಿಡಿ, ನಾಳೆ ನೋಡೋಣ,” ಎಂದು ಪಾತ್ರೆಗಳ ಡಬ್ಬ ಬಿಚ್ಚಲು ಹೋದಳು. ಅವಳ ನೆಮ್ಮದಿ ಕಂಡರೆ ನನಗೆ ಹೊಟ್ಟೆಕಿಚ್ಚು. ಅಷ್ಟರಲ್ಲಿ ಅತ್ತೆಯ ಫೋನು.

“ಹೋಗಿ ಸೇರಿದ್ರಾ? ಟಿ.ವಿ. ಹೇಗಿದೆ?”

“ಚೆನ್ನಾಗಿದೆ ಅತ್ತೆ. ಗೀರು ಕೂಡ ಬಿದ್ದಿಲ್ಲ,” ಎಂದೆ. ಗೀರು ಬಿದ್ದಿರಲಿಲ್ಲ ಎನ್ನುವುದು ನಿಜವೇ.

ಮಾರನೆಯ ದಿನದಿಂದ ನನ್ನ ಪರೀಕ್ಷೆಗಳು ಶುರುವಾದವು. ಮೊದಲು ಪ್ಲಗ್ ಪಾಯಿಂಟನ್ನು ಅನುಮಾನಿಸಿದೆ. ಅದಕ್ಕೆ ಫೋನ್ ಚಾರ್ಜರ್ ಸಿಕ್ಕಿಸಿದೆ. ಫೋನು ಚಾರ್ಜ್ ಆಯಿತು. ಸರಿ, ಪ್ಲಗ್ ನಿರಪರಾಧಿ ಎಂದು ಬಿಟ್ಟುಬಿಟ್ಟೆ. ವೈರು ಬದಲಿಸಿದೆ. ರಿಮೋಟಿಗೆ ಹೊಸ ಸೆಲ್ ಹಾಕಿದೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಒಬ್ಬ ವಿದೇಶಿ ಮನುಷ್ಯ ಇಂಥದೇ ಟಿ.ವಿ.ಯ ಬೆನ್ನು ಬಿಚ್ಚುತ್ತಿದ್ದ. ನಾನೂ ಸ್ಕ್ರೂಡ್ರೈವರ್ ಹಿಡಿದು ಒಂದು ತಿರುಪು ತೆಗೆದೆ. ಅಷ್ಟರಲ್ಲಿ ಅವನು, ಕರೆಂಟು ತೆಗೆದ ಮೇಲೂ ಇದರೊಳಗೆ ಮನುಷ್ಯನನ್ನು ಕೊಲ್ಲುವಷ್ಟು ವಿದ್ಯುತ್ತು ಉಳಿದಿರುತ್ತದೆ ಎಂದ. ಅದೇ ತಿರುಪನ್ನು ಅದೇ ಜಾಗಕ್ಕೆ ಬಹಳ ಮರ್ಯಾದೆಯಿಂದ ಹಾಕಿ, ಕೈ ತೊಳೆದುಕೊಂಡೆ. ಕಂಪನಿಗೆ ಫೋನು ಮಾಡಿದರೆ ಆ ಕಡೆಯ ಹುಡುಗಿ ಮಾಡೆಲ್ ಸಂಖ್ಯೆ ಕೇಳಿಸಿಕೊಂಡು, “ಸರ್, ಇದು ನಮ್ಮದೇ ಅಂತೀರಾ?” ಎಂದಳು. ಆಫೀಸಿನ ಗೆಳೆಯ ರಾಜೇಶ, “ಗುರು, ಅದು ಟಿ.ವಿ. ಅಲ್ಲ, ಬೀರು. ಎಸ್ದು ಹೊಸದು ತಗೋ ಮಗಾ,” ಎಂದ. ನನ್ನ ಅತ್ತೆಯನ್ನು ಅವನು ನೋಡಿಲ್ಲ.

ಕೊನೆಗೆ ಯಾರೋ ಶಿವಾಜಿನಗರದ ಅನ್ವರ್ ಭಾಯಿಯ ಹೆಸರು ಹೇಳಿದರು. ಹಳೆಯ ಟಿ.ವಿ.ಗಳನ್ನು ಇನ್ನೂ ಮುಟ್ಟುವ ಕೆಲವರಲ್ಲಿ ಅವರೊಬ್ಬರು. ಗೂಡ್ಸ್ ಆಟೊದಲ್ಲಿ ಮತ್ತೆ ತಬ್ಬಿಕೊಂಡು ಹೋದೆ. ಅಂಗಡಿಯಲ್ಲಿ ಇಳಿಸಿದ ಮೇಲೆ, ಬೆನ್ನು ಬಿಚ್ಚುವ ಮುನ್ನ ಅವರು ಒಮ್ಮೆ ಕರೆಂಟು ಕೊಟ್ಟರು. ‘ಟಕ್’ ಎಂದಿತು. ನಾನು ಎರಡನೆಯ ‘ಟಕ್’ಗಾಗಿ ಕಣ್ಣು ಮುಚ್ಚಿಕೊಂಡೆ. ಅದು ಬರಲಿಲ್ಲ. ಕಣ್ಣು ತೆರೆದರೆ ಪರದೆಯ ಮೇಲೆ ಯಾರೋ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಸಿಡಿಯುವುದೂ ಸ್ಪಷ್ಟವಾಗಿ ಕಾಣುತ್ತಿತ್ತು.

“ಇದು ಶೇರ್ ಸಾರ್, ಹುಲಿ ಇದ್ದಂಗೆ ಇದೆ. ಫಿಕರ್ ನಕ್ಕೊ, ತಗೊಂಡ್ ಹೋಗಿ,” ಎಂದರು ಅನ್ವರ್ ಭಾಯ್.

ತೆಗೆದುಕೊಂಡು ಬಂದೆ. ಮನೆಯಲ್ಲಿ ಹಾಕಿದರೆ ಟಕ್, ಬೆಳಕು, ಟಕ್, ಕತ್ತಲು. ಮತ್ತೆ ಶಿವಾಜಿನಗರ. ಅಲ್ಲಿ ಮತ್ತೆ ಹುಲಿ. ಅನ್ವರ್ ಭಾಯ್ ಗಡ್ಡ ಕೆರೆದುಕೊಂಡು, “ನಿಮ್ಮನೇಲಿ ಪ್ಲಗ್ ಸರಿ ಇದ್ಯಾ ಸಾರ್?” ಎಂದರು. “ಅದನ್ನ ಮೊದಲೇ ಟೆಸ್ಟ್ ಮಾಡಿದ್ದೀನಿ,” ಎಂದೆ, ಇನ್ನು ಆ ಪ್ರಶ್ನೆ ಯಾರೂ ಎತ್ತಬಾರದು ಎನ್ನುವ ದನಿಯಲ್ಲಿ. ಹಾಗಾದರೆ ಎರಡು ದಿನ ಇಲ್ಲೇ ಇರಲಿ, ಓಡಿಸಿ ನೋಡುತ್ತೇನೆ ಎಂದರು. ನಾನು ಬರಿಗೈಯಲ್ಲಿ ಮನೆಗೆ ಬಂದೆ. ಬಾಗಿಲ ಮುಂದೆ ಅತ್ತೆಯ ಚಪ್ಪಲಿ ಇತ್ತು.

ಭಾನುವಾರ ಬರಬೇಕಾದವರು ಶುಕ್ರವಾರವೇ ಬಂದಿದ್ದರು. ತಂಗಿಯ ಮನೆಯ ಟಿ.ವಿ.ಯಲ್ಲಿ ಚೆಂಡಿಗೆ ಬಾಲ ಬರುತ್ತಿತ್ತಂತೆ. ಹಾಲಿನ ನಡುವೆ ಕುರ್ಚಿ ಹಾಕಿಕೊಂಡು, ಖಾಲಿ ಸ್ಟ್ಯಾಂಡಿಗೆ ಎದುರಾಗಿ, ಸೀರೆಯ ಮಡಿಕೆ ಕೆಡದ ಹಾಗೆ ಕುಳಿತಿದ್ದರು. ವೀಣಾ ಅಡುಗೆಮನೆಯಿಂದ ಹೊರಗೆ ಬರಲೊಲ್ಲಳು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು, “ಎಲ್ಲಿ ಸೇರಿಸಿದ್ದೀರ? ಕರ್ಕೊಂಡ್ ಹೋಗಿ. ನೋಡ್ಕೊಂಡ್ ಬರೋಣ,” ಎಂದಷ್ಟೇ ಹೇಳಿ ಎದ್ದರು.

ಶಿವಾಜಿನಗರದ ಅಂಗಡಿಯಲ್ಲಿ ಅತ್ತೆ ಹತ್ತು ವರ್ಷ ಚಿಕ್ಕವರಾದರು. ಅನ್ವರ್ ಭಾಯಿಯ ಜೊತೆ ದಖನಿಯಲ್ಲಿ ಮಾತಿಗೆ ನಿಂತರು. ಅವರ ಹೆಂಡತಿಯ ಹೆರಿಗೆ ಅತ್ತೆಯ ಆಸ್ಪತ್ರೆಯಲ್ಲೇ ಆಗಿತ್ತು ಎನ್ನುವುದು ಐದನೆಯ ಮಾತಿಗೆ ಹೊರಬಿತ್ತು. ಸ್ಟೂಲು ಬಂತು, ಹಾಲಿಲ್ಲದ ಸುಲೈಮಾನಿ ಚಹಾ ಬಂತು, ಟೆನಿಸ್ ಬರುವ ಚಾನೆಲ್ಲೂ ಬಂತು. ಸೋಲ್ಡರಿಂಗ್ ಹೊಗೆಯ ನಡುವೆ ಅತ್ತೆ ಒಂದು ಪಂದ್ಯವನ್ನು ಪೂರ್ತಿ ನೋಡಿದರು. “ಗೋ ಟು ದಿ ಬ್ಯಾಕ್‌ಹ್ಯಾಂಡ್, ಮ್ಯಾನ್,” ಎಂದು ಆಟಗಾರನಿಗೆ ಹೇಳುತ್ತಿದ್ದರು. ಪಕ್ಕದ ಮಾರ್ಕೆಟ್ಟಿಗೆ ಮೀನು ಕೊಳ್ಳಲು ಬಂದವರು ಚೀಲ ಹಿಡಿದೇ ನಿಂತು ನೋಡಿದರು. ಎಲ್ಲರೂ ಖುಷಿಯಾಗಿದ್ದರು. ಈ ಪಂದ್ಯ ಮುಗಿದ ಮೇಲೆ ಈ ಟಿ.ವಿ.ಯನ್ನು ನಮ್ಮ ಮನೆಗೆ ಒಯ್ಯಬೇಕಲ್ಲ ಎನ್ನುವುದು ನನಗೊಬ್ಬನಿಗೇ ನೆನಪಿದ್ದ ಹಾಗಿತ್ತು.

ಒಯ್ದೆವು. ಅತ್ತೆ ತಮ್ಮ ಕೈಯಾರೆ ಸ್ವಿಚ್ಚು ಹಾಕಿದರು. ಟಕ್. ಬೆಳಕು. ಟಕ್.

ಅವರು ರಿಮೋಟನ್ನು ಮೆಲ್ಲಗೆ ಕೆಳಗಿಟ್ಟರು. “ಇದಕ್ಕೆ ಈ ಮನೆ ಹಿಡಿಸಿಲ್ಲ ಅಳಿಯಂದ್ರೇ. ಬಲವಂತ ಮಾಡ್ಬೇಡಿ ಪಾಪ,” ಎಂದರು. ಕಿಟಕಿಯ ಹತ್ತಿರ ಹೋಗಿ, “ನನಗೂ ಒಂಥರಾ ಹಾಗೇ ಅನ್ನಿಸ್ತಾ ಇದೆ. ಇಲ್ಲಿ ಕಿಟಕಿ ತೆಗೆದ್ರೆ ಯಾರ ದನೀನೂ ಕೇಳಲ್ಲ,” ಎಂದರು. ಬ್ಯಾಗಿನಿಂದ ಹಲಸೂರಿನ ಮನೆಯ ಬೀಗದ ಕೈ ತೆಗೆದು ನೋಡಿ, ಮತ್ತೆ ಒಳಗಿಟ್ಟುಕೊಂಡರು. ಆ ಕಡಿದಾದ ಮೆಟ್ಟಿಲು, ಆ ಮಂಡಿ, ಒಬ್ಬರೇ ಮನೆಯಲ್ಲಿ. ಇಷ್ಟು ದಿನ ನಾನು ಹೆದರಿದ್ದು ಒಂದು ಟಿ.ವಿ.ಗಾಗಿ ಎಂದುಕೊಂಡಿದ್ದೆ. ಅದು ಬರೀ ಅಭ್ಯಾಸಬಲದ ಹೆದರಿಕೆ. ನಿಜವಾದ ಹೆದರಿಕೆ ಬೇರೆಯೇ ರೀತಿ ಇರುತ್ತದೆ.

ಮರುದಿನ ಬೆಳಗ್ಗೆ ಅತ್ತೆ ಸೀರೆಗಳನ್ನು ಮಡಚುತ್ತಿದ್ದರು. ಬೀರುವಿನಲ್ಲಿ ಇಡಲೋ ಪೆಟ್ಟಿಗೆಗೆ ತುಂಬಲೋ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ವೀಣಾ ಅವರ ಹತ್ತಿರವೇ ಇರಬೇಕೆಂದು ಇಸ್ತ್ರಿಪೆಟ್ಟಿಗೆಯನ್ನು ಹಾಲಿಗೆ ತಂದು, ಟಿ.ವಿ.ಯ ಪ್ಲಗ್ ಕಿತ್ತು ಅಲ್ಲಿ ಸಿಕ್ಕಿಸಿದಳು. ಸ್ವಲ್ಪ ಹೊತ್ತಾದ ಮೇಲೆ, “ರೀ, ಈ ಇಸ್ತ್ರಿಪೆಟ್ಟಿಗೇನೂ ಹಾಳಾಯ್ತು ನೋಡಿ. ಬೆಚ್ಚಗೂ ಆಗ್ತಿಲ್ಲ. ನಿನ್ನೆ ರೂಮಲ್ಲಿ ಚೆನ್ನಾಗೇ ಕಾಯ್ತಿತ್ತು,” ಎಂದಳು. ನಾನು, ಸಾಗಿಸುವಾಗ ಅದೂ ಕೆಟ್ಟಿರಬೇಕು, ಇನ್ನು ಮಿಕ್ಸಿಯ ಸರದಿ ಎಂದು ಚಿಂತೆಗೆ ಕುಳಿತೆ. ಸೀರೆ ಮಡಚುತ್ತಿದ್ದ ಅತ್ತೆಯ ಕೈ ನಿಂತಿತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಗೋಡೆಯ ಪ್ಲಗ್ ನೋಡಿದರು. ನಾನೂ ನೋಡಿದೆ, ಕೊಂಚ ತಡವಾಗಿ.

ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ ಬಂದು ಗೋಡೆಯ ಪ್ಲಗ್ ಬಿಚ್ಚಿದಾಗ, ಹಿಂದಿನ ವೈರು ಸಡಿಲವಾಗಿ, ಸುಟ್ಟು ಕಪ್ಪಾಗಿತ್ತು. ಫೋನ್ ಚಾರ್ಜರಿನಂಥ ಸಣ್ಣ ಹೊಟ್ಟೆಗೆ ಸಾಲುವಷ್ಟು ಕರೆಂಟು ಬರುತ್ತಿತ್ತು. ಪ್ಲಾಸ್ಮಾದ ಹಸಿವಿಗೆ ಸಾಲುತ್ತಿರಲಿಲ್ಲ. ಸಾಲದಿದ್ದಾಗ ಅದು ತನ್ನನ್ನು ತಾನೇ ಆರಿಸಿಕೊಂಡು, ಕೆಂಪು ದೀಪ ಮಿಟುಕಿಸಿ ನಮಗೆ ಹೇಳುತ್ತಿತ್ತು. ವೈರು ಹೊಸದಾಯಿತು. ಸ್ವಿಚ್ಚು ಹಾಕಿದರು. ಟಕ್ ಎಂದಿತು, ಎರಡನೆಯ ಟಕ್ ಬರಲಿಲ್ಲ, ಚಿತ್ರ ಬಂತು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಸೀರೆಗಳನ್ನು ವೀಣಾ ಬೀರುವಿನಲ್ಲಿಟ್ಟಳು, ಅತ್ತೆ ಬೇಡವೆನ್ನಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂದು ಸಂಜೆ ಎಲ್ಲರೂ ಪಂದ್ಯ ನೋಡುತ್ತಿದ್ದರೆ ನಾನು ಕೆಂಪು ದೀಪ ನೋಡುತ್ತಿದ್ದೆ. ಆಗಾಗ ಎದ್ದು ಹೋಗಿ ಟಿ.ವಿ.ಯ ಬೆನ್ನು ಮುಟ್ಟಿ, ಪ್ಲಗ್ ಮುಟ್ಟಿ ಬರುತ್ತಿದ್ದೆ. ನಾಲ್ಕನೆಯ ಸಲ ಎದ್ದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ಕಣ್ಣು ಪಂದ್ಯದ ಮೇಲೆ, ಬೆರಳು ನನ್ನ ನಾಡಿಯ ಮೇಲೆ. ಆ ಗೇಮ್ ಮುಗಿದ ಮೇಲೆ, “ಟಿ.ವಿ. ನೆಟ್ಟಗಿದೆ. ನಿಮ್ಮದೇ ಸರಿಯಿಲ್ಲ. ಸೋಮವಾರ ಡಾಕ್ಟರ್ ಹತ್ರ ಹೋಗೋಣ,” ಎಂದರು.

ಹೋದೆವು. ಬಿ.ಪಿ. ಜಾಸ್ತಿ ಇತ್ತು. ಉಪ್ಪು ಕಡಿಮೆ ಮಾಡಿ, ಸಂಜೆ ಟಿ.ವಿ. ಮುಂದೆ ಕೂರದೆ ಒಂದಷ್ಟು ನಡೆಯಿರಿ ಎಂದರು ಡಾಕ್ಟರು. ಅಂದಿನಿಂದ ಸಂಜೆಯಾದರೆ ಅತ್ತೆ ನನ್ನನ್ನು ಲಿಫ್ಟಿಗೆ ತಳ್ಳಿ ಬಾಗಿಲು ಹಾಕಿಕೊಂಡು ಟೆನಿಸ್ ಹಾಕುತ್ತಾರೆ. ನಾನು ಕಟ್ಟಡವನ್ನು ಸುತ್ತುತ್ತೇನೆ. ಪ್ರತಿ ಸುತ್ತಿಗೂ ನಮ್ಮ ಹಾಲಿನ ಕಿಟಕಿಯ ಕೆಳಗೆ ನಿಂತು ಕತ್ತೆತ್ತುತ್ತೇನೆ. ಟಿ.ವಿ. ಪರದೆಯ ನೀಲಿ ಬೆಳಕು ಕುಣಿಯುತ್ತಿದ್ದರೆ ಮುಂದಿನ ಸುತ್ತಿಗೆ ಹೊರಡುತ್ತೇನೆ. ಒಮ್ಮೊಮ್ಮೆ ಎರಡು ಜಾಹೀರಾತುಗಳ ನಡುವೆ ಪರದೆ ಕಪ್ಪಾಗಿ ಬೆಳಕು ಪೂರ್ತಿ ಹೋಗಿಬಿಡುತ್ತದೆ. ಆಗ ಲಿಫ್ಟ್ ಬರುವವರೆಗೆ ಕಾಯಲಾರದೆ ಮೆಟ್ಟಿಲು ಹತ್ತಿ ಮೇಲಕ್ಕೆ ಓಡುತ್ತೇನೆ. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ನನ್ನನ್ನು ನೋಡಿ ಅತ್ತೆ, ಅಳಿಯನಿಗೆ ವ್ಯಾಯಾಮದಲ್ಲಿ ಬಹಳ ಶ್ರದ್ಧೆ ಎಂದು ಕೆ.ಜಿ.ಎಫ್.ನ ತಂಗಿಗೆ ಫೋನು ಮಾಡಿ ಹೇಳುತ್ತಿದ್ದಾರೆ.